ದಿನಾ ಪ್ರಕಟವಾಗುತ್ತಿದ್ದ ನಿಯಮ

ಖಾಲಿ ಮೇಷ್ಟ್ರಿಗೆ ಆ ಹೆಸರು ಬಂದದ್ದು ಅವರ ಜೇಬಿನಿಂದಲ್ಲ, ತಲೆಯಿಂದಲೂ ಅಲ್ಲ. ಹಾಗೆ ನೋಡಿದರೆ ಅವರು ಪಾಠ ಹೇಳುವ ಮೇಷ್ಟ್ರೂ ಅಲ್ಲ. ವೆಬ್ ಪುಟಗಳು ಹೇಗಿರಬೇಕು, ಹೇಗಿರಬಾರದು ಎಂದು ನಿಯಮ ಬರೆದು ಪ್ರಕಟಿಸುವ ಒಂದು ಕಚೇರಿಯಲ್ಲಿ ಅವರಿಗೆ ಕೆಲಸ. ಅಂಥ ನಿಯಮಪತ್ರವನ್ನು ಮಾನದಂಡ ಎನ್ನುತ್ತಾರೆ. ಕಂಪನಿಗಳವರೂ ಪಂಡಿತರೂ ಒಂದೇ ಮೇಜಿನ ಸುತ್ತ ಕೂತು, ಒಂದು ಪದಕ್ಕಾಗಿ ಒಂದು ಚಳಿಗಾಲ ಜಗಳವಾಡಿ, ಕೊನೆಗೆ ಯಾರಿಗೂ ಪೂರ್ತಿ ಇಷ್ಟವಾಗದ ಒಂದು ವಾಕ್ಯಕ್ಕೆ ಒಪ್ಪಿ ಎದ್ದರೆ ಮಾನದಂಡ ಸಿದ್ಧವಾಯಿತು ಎಂದರ್ಥ. ಆಮೇಲೆ ಅದು ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಗೆ, ಸೈಕಲ್ ನಿಲ್ಲಿಸುವ ಜಾಗದತ್ತ ತೆರೆಯುವ ಕಿಟಕಿಯ ಪಕ್ಕದ ಮೇಜಿಗೆ ಬರುತ್ತಿತ್ತು. ಆ ಮೇಜು ಮೇಷ್ಟ್ರದು. ಅವರು ಹೂಂ ಎಂದರೆ ಪ್ರಕಟ, ಊಹೂಂ ಎಂದರೆ ವಾಪಸ್ಸು.

ಅವರು ನೋಡುತ್ತಿದ್ದುದು ಒಂದೇ ವಿಷಯ. ವೆಬ್ ಪುಟಗಳೊಳಗೆ ಜಾವಾಸ್ಕ್ರಿಪ್ಟ್ ಎಂಬುದೊಂದು ಇರುತ್ತದೆ: ಕಣ್ಣಿಗೆ ಕಾಣದೆ ಅಡಗಿ ಕೂತ ಆಜ್ಞೆಗಳ ಸಾಲು. ಪುಟ ತೆರೆದ ಕೂಡಲೇ ಎದ್ದು ತನ್ನ ಕೆಲಸ ಶುರುಮಾಡುತ್ತದೆ. ಇದನ್ನು ಇಲ್ಲಿಂದ ಎತ್ತಿ ಅಲ್ಲಿಡುತ್ತದೆ, ಮುಚ್ಚಿದ್ದನ್ನು ತೆರೆಯುತ್ತದೆ, ಎಷ್ಟೋ ಸಲ ಪುಟದ ಮಾತನ್ನೆಲ್ಲ ತಾನೇ ತಂದು ಬಡಿಸುತ್ತದೆ. ಅದು ಓಡದಿದ್ದರೆ ಎಲೆ ಬರಿದು. ಪ್ರಕಟಿಸಿದ ಮಾನದಂಡ ಮಾತ್ರ ಹಾಗಾಗಬಾರದು ಎಂಬುದು ಆ ಕಚೇರಿಯ ಕಟ್ಟುನಿಟ್ಟು. ಇಂದು ಬರೆದದ್ದನ್ನು ನಮ್ಮ ಮೊಮ್ಮಕ್ಕಳು ಇನ್ಯಾವುದೋ ಯಂತ್ರದಲ್ಲಿ ತೆರೆದಾಗಲೂ ಅದು ಇದ್ದ ಹಾಗೇ ಇರಬೇಕು. ಸ್ಕ್ರಿಪ್ಟು ಬೇಕಿದ್ದರೆ ಅಲಂಕಾರ ಮಾಡಲಿ, ಮಾತಾಡುವುದು ಬೇಡ. ನಿಯಮ ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ; ಅದನ್ನು ಕಾಯಲು ನಿಂತವರ ಬಗ್ಗೆ ಸ್ವಲ್ಪ ಇದೆ.

ಮೇಷ್ಟ್ರು ತಮ್ಮ ಯಂತ್ರದಲ್ಲಿ ಸ್ಕ್ರಿಪ್ಟ್ ಓಡದಂತೆ ಬಂದ್ ಮಾಡಿ ಪತ್ರವನ್ನು ತೆರೆಯುತ್ತಿದ್ದರು. ಮಾತು ಕಂಡರೆ ಓದುತ್ತಿದ್ದರು. ಕಾಣದಿದ್ದರೆ, ಬಣ್ಣ ಬಣ್ಣದ ಚಿತ್ರಪಟ ಮಾಡಿ ಕಳಿಸಿದ ಪಂಡಿತರಿಗೆ ಒಂದೇ ಪದದ ಉತ್ತರ: ‘ಖಾಲಿ.’ ವಿವರಣೆ ಇಲ್ಲ, ವಂದನೆ ಇಲ್ಲ. ಆ ಒಂದು ಪದ ಓದಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದವರುಂಟು, ರಾಜೀನಾಮೆಯ ಮಾತಾಡಿದವರುಂಟು. ಹಾಗೆ ಅವರು ಖಾಲಿ ಮೇಷ್ಟ್ರಾದರು. ಹೆಸರು ಕಿವಿಗೆ ಬಿದ್ದಾಗ ಮೇಲೆ ಮೇಲೆ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಬೀಗಿದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವ್ರತ ಹಿಡಿದವರಿಗೆ ಕಚೇರಿ ಬೇರೆ, ಮನೆ ಬೇರೆ ಎಂದಿರುತ್ತದೆಯೇ? ಮನೆಯ ಯಂತ್ರದಲ್ಲೂ ಬಂದ್, ಜೇಬಿನ ಫೋನಿನಲ್ಲೂ ಬಂದ್. ರೈಲಿನ ಟಿಕೆಟ್ ಪುಟ ತೆರೆದರೆ ಬಿಳಿ. ನಕ್ಷೆ ತೆರೆದರೆ ಬೂದು. ಹವಾಮಾನ ಕೇಳಿದರೆ ಬಿಸಿಲೂ ಇಲ್ಲ, ಮೋಡವೂ ಇಲ್ಲ. ಹೀಗೆ ಅರ್ಧ ಜಗತ್ತು ಅವರ ಕಣ್ಣಿಗೆ ಖಾಲಿಯಾಗಿಯೇ ಕಾಣುತ್ತಿತ್ತು. ತಪ್ಪು ಜಗತ್ತಿನದು ಎಂದು ಅವರು ನಂಬಿದ್ದರು. ಟಿಕೆಟ್ಟನ್ನು ಹೆಂಡತಿ ತೆಗೆಯುತ್ತಿದ್ದಳು.

ಹೆಂಡತಿ ಕಾರು ಓಡಿಸಲು ಕಲಿಸುವವಳು. ಬೆಳಗ್ಗೆಯಿಂದ ಸಂಜೆಯವರೆಗೆ ಪರರ ಕೈಗೆ ಸ್ಟಿಯರಿಂಗ್ ಕೊಟ್ಟು, ಪಕ್ಕದಲ್ಲಿ ಜೀವ ಬಿಗಿಹಿಡಿದು ಕೂರುವ ಕೆಲಸ. ಮನೆಗೆ ಬಂದ ಮೇಲೆ ಅವಳಿಗೆ ಯಾವುದಕ್ಕೂ ಗಾಬರಿಯಾಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಮನೆಯ ಮೂರನೆಯ ಜೀವ ಮೇಷ್ಟ್ರ ಅಕ್ಕ.

ಅಕ್ಕ ದಂತವೈದ್ಯೆ. ಊರಿನವರನ್ನೆಲ್ಲ ಬಾಯಿ ತೆರೆಸಿ ಕೂರಿಸಿ ತಾನೊಬ್ಬಳೇ ಮಾತಾಡಿ ಬದುಕಿದ ಹೆಂಗಸು. ಎದುರುತ್ತರ ಕೇಳಿ ಅಭ್ಯಾಸವೇ ಇಲ್ಲ. ಕೈಯ ಹದ ಎಂಥದ್ದೆಂದರೆ, ಹಲ್ಲು ಹೊರಗೆ ಬಂದ ಮೇಲೂ ಜನ ಇನ್ನೂ ಯಾವಾಗ ಕೀಳುತ್ತೀರಿ ಎಂದು ಕೇಳುತ್ತಿದ್ದರಂತೆ. ಒಂದು ದಿನ ಆ ಬಲಗೈಗೆ ಲಕ್ವ ಹೊಡೆಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ನಾಲಿಗೆಗಂತೂ ಏನೂ ಆಗಲಿಲ್ಲ. ಬೆರಳುಗಳು ಮಾತ್ರ ಯೋಚಿಸಿ ಯೋಚಿಸಿ ನಡೆಯತೊಡಗಿದವು. ಸರ್ಕಾರಿ ಆಸ್ಪತ್ರೆಯ ಕೆಲಸ ಬಿಟ್ಟು ಪಿಂಚಣಿ ಪಡೆದು ತಮ್ಮನ ಮನೆಯ ಮುಂದಿನ ಕೋಣೆಗೆ ಬಂದಳು. ಬರುವಾಗ ಸೀರೆ ಪಾತ್ರೆಗಳ ಜೊತೆ ಸಂಜೆ ಹೊತ್ತು ನಡೆಸುತ್ತಿದ್ದ ತನ್ನ ಸ್ವಂತ ದವಾಖಾನೆಯ ಕುರ್ಚಿಯನ್ನೂ ತಂದಳು. ರೋಗಿ ಮಲಗುವ ಕುರ್ಚಿ, ಕಾಲಲ್ಲಿ ಪೆಡಲ್ ಒತ್ತಿದರೆ ಏರುವ, ಇಳಿಯುವ ಕುರ್ಚಿ. ಅದನ್ನು ಕಂಪ್ಯೂಟರಿನ ಮುಂದೆ ಹಾಕಿಸಿಕೊಂಡು, ಅದರಲ್ಲೇ ಕೂತು, ಎಡಗೈಯ ಒಂದು ಬೆರಳಲ್ಲಿ ಪ್ರಪಂಚ ಓದುತ್ತಿದ್ದಳು.

ಪಿಂಚಣಿ ಕಚೇರಿಗೆ ಒಂದು ಚಾಳಿ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಗೊತ್ತುಮಾಡಿದ ತಿಂಗಳಲ್ಲಿ, ಅವರ ವೆಬ್ ಪುಟಕ್ಕೆ ಹೋಗಿ ತಾವು ಬದುಕಿದ್ದೇವೆಂದು ಹೇಳಬೇಕು. ಹೇಳುವುದೆಂದರೆ ಒಂದರ ಹಿಂದೊಂದು ಖಾನೆ ತುಂಬುವುದು. ಅಕ್ಕ ಮೂರನೆಯ ಖಾನೆಗೆ ಬರುವಷ್ಟರಲ್ಲಿ ಪುಟ ‘ನಿಮ್ಮ ಸಮಯ ಮುಗಿದಿದೆ’ ಎಂದು ಹೇಳಿ ಆಚೆಗೆ ಹಾಕುತ್ತಿತ್ತು. ಬದುಕಿದ್ದೇನೆ ಎನ್ನಲು ಬಂದವಳಿಗೆ ಸಮಯ ಮುಗಿಯಿತೆಂದು ಹೇಳುವ ಧೈರ್ಯ ಯಂತ್ರಕ್ಕಲ್ಲದೆ ಇನ್ಯಾರಿಗಿದ್ದೀತು? ಮತ್ತೆ ಮೊದಲಿಂದ ತುಂಬಿದರೆ ಮತ್ತೆ ಆಚೆಗೆ. ಕೊನೆಗೆ ಮೇಷ್ಟ್ರು, “ಏಳಕ್ಕ, ಎರಡು ನಿಮಿಷದ ಕೆಲಸ,” ಎಂದು ಅವಳ ಕುರ್ಚಿಯಲ್ಲಿ ಕೂತು ಚಕಚಕನೆ ಒತ್ತಿ ಮುಗಿಸುತ್ತಿದ್ದರು. ಅವಳ ಯಂತ್ರದಲ್ಲಿ ಸ್ಕ್ರಿಪ್ಟ್ ಓಡುತ್ತಿತ್ತು. ಅದನ್ನು ಬಂದ್ ಮಾಡಲು ತಮ್ಮ ಹೋದಾಗೆಲ್ಲ ಅವಳು ಎಡಗೈಯಲ್ಲೇ ಅವರ ಕೈ ಸರಿಸಿದ್ದಳು.

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಹೋದ ವರ್ಷ ಮಾತ್ರ ಅವರು ಕೆಲಸ ಮುಗಿಸಿ ಎದ್ದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಾನು ಬದುಕಿದ್ದೀನಿ ಅಂತ ನನ್ನ ಪರವಾಗಿ ನೀನು ಹೇಳೋದು ನನಗೆ ಸರಿ ಕಾಣ್ತಿಲ್ಲ ಕಣೋ. ಸತ್ತ ಮೇಲೆ ಬೇಕಾದ್ರೆ ನೀನೇ ಹೇಳು. ಇದನ್ನ ನಾನು ಹೇಳಬೇಕು.”

ಮೇಷ್ಟ್ರಿಗೆ ಅಂದು ಹೇಳಲು ಒಳ್ಳೆಯ ಸುದ್ದಿಯೇ ಇತ್ತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಅವರ ಕೈಯಿಂದ ಕಾಲಾವಕಾಶದ ಮಾನದಂಡ ಪ್ರಕಟವಾಗಿತ್ತು. ಯಾವ ಪುಟವೂ ಜನರನ್ನು ಹೇಳದೆ ಕೇಳದೆ ಆಚೆಗೆ ಹಾಕಬಾರದು. ಇನ್ನೂ ಸಮಯ ಬೇಕೇ ಎಂದು ಕೇಳಬೇಕು. ಬೇಕೆಂದರೆ, ಬೇಕೆಂದಷ್ಟು ಸಲ ಕೊಡಬೇಕು. ಜನರಿಗೆ ಸಮಯ ಕೊಡಿ ಎಂದು ಹೇಳಲು ಸಮಿತಿ ಎಷ್ಟು ಸಮಯ ತೆಗೆದುಕೊಂಡಿತೆಂದು ಕೇಳಬೇಡಿ, ಆ ಅವಧಿಯಲ್ಲಿ ಇಬ್ಬರು ಸದಸ್ಯರು ನಿವೃತ್ತರಾಗಿದ್ದರು. ಅಂತೂ ಪತ್ರದ ಕೊನೆಗೆ ಒಂದು ಷರತ್ತಿತ್ತು: ಮುಖಪುಟದಲ್ಲಿ ಕಾಣುವ ಪ್ರಕಟಣೆಯ ದಿನಾಂಕದಿಂದ ಒಂದು ವರ್ಷದೊಳಗೆ ಎಲ್ಲ ಬ್ಯಾಂಕು, ವಿಮೆ, ಪಿಂಚಣಿಯವರು ಇದನ್ನು ಪಾಲಿಸತಕ್ಕದ್ದು. ಪಾಲಿಸದಿದ್ದರೆ ಕಾನೂನು ಕೈ ಹಾಕುತ್ತದೆ. ಮುಂದಿನ ಸಲ ನೀನೇ ತುಂಬುತ್ತೀಯ, ಇದು ನನ್ನ ಮಾತು ಎಂದು ಮೇಷ್ಟ್ರು ಅಕ್ಕನಿಗೆ ಹೇಳಿದರು. ಅಕ್ಕ ಆ ಮಾತನ್ನು ಗಂಟುಹಾಕಿಕೊಂಡಳು.

ಈಗ ಆ ಪತ್ರದ ಜಾತಕ ಸ್ವಲ್ಪ ಹೇಳಬೇಕು. ಅದನ್ನು ಬರೆದು ಜೋಡಿಸಿದ ಸಂಪಾದಕಿ ಚುರುಕಿನ ಹುಡುಗಿ. ಕರಡು ದಿನಕ್ಕೊಂದು ಸಲ ಬದಲಾಗುತ್ತಿದ್ದಾಗ, ಪ್ರತಿ ಸಲ ದಿನಾಂಕ ತಿದ್ದುವ ಗೋಳು ಯಾಕೆಂದು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಇಟ್ಟಿದ್ದಳು. ಪುಟ ತೆರೆದವರ ಗಡಿಯಾರ ನೋಡಿ, ಅಂದಿನ ದಿನಾಂಕವನ್ನು ಮುಖಪುಟದಲ್ಲಿ ಕೂರಿಸುವುದು ಅದರ ಕೆಲಸ. ಪ್ರಕಟಣೆಯ ದಿನ ಅವಳು ಸರಿಯಾದ ದಿನಾಂಕವನ್ನು ಕೈಯಾರೆ ಬರೆದಳು, ಸ್ಕ್ರಿಪ್ಟನ್ನು ಕೀಳಲು ಮರೆತಳು. ಪತ್ರ ಮೇಷ್ಟ್ರ ಮೇಜಿಗೆ ಬಂತು. ಅವರು ಸ್ಕ್ರಿಪ್ಟ್ ಬಂದ್ ಮಾಡಿ ನೋಡಿದರು: ಮಾತೆಲ್ಲ ಇದೆ, ದಿನಾಂಕ ಸರಿಯಿದೆ. ಪದ್ಧತಿಗೆಂದು ಒಂದು ಸಲ ಓಡಿಸಿಯೂ ನೋಡಿದರು: ಅದೇ ಮಾತು, ಅದೇ ದಿನಾಂಕ. ಆಗದೆ ಏನು? ಪ್ರಕಟಣೆಯ ದಿನವೂ ಅಂದೇ ಆಗಿತ್ತಲ್ಲ. ಹೂಂ ಎಂದರು.

ಮಾರನೆಯ ಬೆಳಗಿನಿಂದ ಆ ಮಾನದಂಡ ಜಗತ್ತಿಗೆಲ್ಲ ‘ಇಂದು ಪ್ರಕಟವಾಯಿತು’ ಎಂದು ಹೇಳತೊಡಗಿತು. ಅದರ ಮಾರನೆಯ ದಿನವೂ ಅದೇ. ಎಂದು ತೆರೆದರೂ ಅಂದೇ ಹುಟ್ಟಿದ ಕೂಸು. ಪಾಲಿಸಲು ಎಂದೂ ಪೂರ್ತಿ ಒಂದು ವರ್ಷ ಬಾಕಿ. ಕಂಪನಿಗಳ ವಕೀಲರಿಗೆ ಇದು ಕಾಣದೆ ಹೋಗಲಿಲ್ಲ. ಅವರು ಅದನ್ನು ನೋಡಿ, ಮುಖಮುಖ ನೋಡಿಕೊಂಡು, ಮೆಲ್ಲಗೆ ಬಾಗಿಲು ಮುಚ್ಚಿದರು. ಒಂದಿಬ್ಬರು ಪ್ರಾಮಾಣಿಕರು ಮಾತ್ರ ಮೇಷ್ಟ್ರಿಗೆ ಬರೆದು ತಿಳಿಸಿದರು. ಮೇಷ್ಟ್ರು ತಮ್ಮ ಯಂತ್ರದಲ್ಲಿ ತೆರೆದು ನೋಡಿದರು. ಸ್ಕ್ರಿಪ್ಟ್ ಬಂದ್. ದಿನಾಂಕ ಕಲ್ಲಿನಲ್ಲಿ ಕೆತ್ತಿದ ಹಾಗೆ ಸರಿಯಾಗಿ ಕೂತಿತ್ತು. ‘ನನ್ನಲ್ಲಿ ಸರಿಯಾಗಿಯೇ ಕಾಣುತ್ತಿದೆ, ನಿಮ್ಮ ಯಂತ್ರ ತೋರಿಸಿಕೊಳ್ಳಿ’ ಎಂದು ಉತ್ತರಿಸಿದರು. ಪ್ರಪಂಚದಲ್ಲಿ ಆ ತಪ್ಪನ್ನು ತಿದ್ದುವ ಅಧಿಕಾರವಿದ್ದ ಒಬ್ಬನೇ ಮನುಷ್ಯನಿಗೆ ಆ ತಪ್ಪು ಕಾಣುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಇಲ್ಲಿ ದೀಪವೇ ಕಣ್ಣು ಮುಚ್ಚಿಕೊಂಡಿತ್ತು.

ವರ್ಷ ತುಂಬುತ್ತ ಬಂದಾಗ ಅಕ್ಕ ಪಿಂಚಣಿ ಕಚೇರಿಗೆ ಫೋನ್ ಮಾಡಿ, ಹೊಸ ಪುಟ ಯಾವಾಗ ಬರುತ್ತದೆ ಎಂದು ವಿಚಾರಿಸಿದಳು. ಅಲ್ಲಿನ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, ಮಾನದಂಡ ಇಂದಷ್ಟೇ ಪ್ರಕಟವಾಗಿರುವುದರಿಂದ ತಮಗೆ ಇನ್ನೂ ಒಂದು ವರ್ಷ ಇದೆಯೆಂದು ತಿಳಿಸಿದಳು. ಅಕ್ಕ ತಾನೇ ಪುಟ ತೆರೆದು ನೋಡಿದಳು. ನಿಜ, ಇಂದು. ಮಾರನೆಯ ದಿನ ನೋಡಿದಳು. ಇಂದು.

ಅವಳು ತಮ್ಮನಿಗೆ ಹೇಳಿದಾಗ ಮೇಷ್ಟ್ರು ಊಟದ ಮೇಜಿನಲ್ಲಿದ್ದರು. ಫೋನು ತೆಗೆದು ನೋಡಿ, ಅಕ್ಕನ ಮುಂದೆ ಹಿಡಿದು, ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ ಹಳೆಯ ದಿನಾಂಕ ಓದಿ ಹೇಳಿದರು. ಆಮೇಲೆ ಒಂದು ಮಾತು ಸೇರಿಸಿದರು, ಅದನ್ನು ಸೇರಿಸದಿದ್ದರೆ ಚೆನ್ನಾಗಿತ್ತು: ಲಕ್ವ ಹೊಡೆದವರಿಗೆ ಒಮ್ಮೊಮ್ಮೆ ಕಣ್ಣ ಮುಂದೆ ಅಕ್ಷರ ಅದಲುಬದಲು ಆಗುವುದುಂಟು, ಡಾಕ್ಟರಿಗೆ ತೋರಿಸೋಣ. ಹೆಂಡತಿ ಚಮಚ ಕೆಳಗಿಟ್ಟಳು. ಅಕ್ಕ ಎದ್ದು ಬಂದು ತಮ್ಮನ ತೋಳು ಹಿಡಿದು ಎಬ್ಬಿಸಿ, ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ, ಆ ಕುರ್ಚಿಯಲ್ಲಿ ಕೂರಿಸಿ ಪೆಡಲ್ ಒತ್ತಿದಳು. ಕುರ್ಚಿ ಗುಂಯ್ ಎಂದು ಮೇಲೇರಿತು. ಮೇಷ್ಟ್ರ ಕಣ್ಣು ಪರದೆಯ ಎದುರು ಸರಿಯಾಗಿ ಬಂದು ನಿಂತಿತು.

ಪ್ರಕಟಣೆ: ಇಂದಿನ ದಿನಾಂಕ.

ಅಕ್ಕನ ಎದುರು ಆ ಕುರ್ಚಿಯಲ್ಲಿ ಕೂತವರು ಯಾವಾಗಲೂ ಮಾಡುವುದನ್ನೇ ಮೇಷ್ಟ್ರೂ ಮಾಡಿದರು. ಬಾಯಿ ತೆರೆದರು, ಮಾತು ಬರಲಿಲ್ಲ. ಪುಟದ ಒಳಗನ್ನು ಬಿಚ್ಚಿ ನೋಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಂಪಾದಕಿಯ ಪುಟ್ಟ ಸ್ಕ್ರಿಪ್ಟು ಅಲ್ಲೇ, ಯಾರ ಹಂಗೂ ಇಲ್ಲದೆ, ದಿನಾ ಬೆಳಗ್ಗೆ ಎದ್ದು ನಿಷ್ಠೆಯಿಂದ ಕೆಲಸ ಮಾಡುತ್ತಿತ್ತು. “ನಾಳೆ ಬಾ ಅಂತ ಬಾಗಿಲ ಮೇಲೆ ಬರೆದ ಹಾಗಾಯ್ತು,” ಎಂದಳು ಅಕ್ಕ. “ಬರೆದೋನು ನೀನು. ದೆವ್ವ ನಾನು.”

ಮೇಷ್ಟ್ರು ಮಾರನೆಯ ದಿನ ಬೆಳಗ್ಗೆಯೇ ಅಧ್ಯಕ್ಷರ ಕೋಣೆಗೆ ಹೋದರು. ಅಧ್ಯಕ್ಷರು ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಮಾತುಗಾರ. ಎಲ್ಲ ಕೇಳಿಕೊಂಡು, ಗಾಬರಿಪಡುವಂಥದ್ದೇನಿಲ್ಲ ಎಂದರು. ಪ್ರಕಟವಾದ ಪತ್ರದಲ್ಲಿ ಒಂದು ಅಕ್ಷರವನ್ನೂ ಮುಟ್ಟಬಾರದೆಂಬುದು ಮೇಷ್ಟ್ರೇ ಕಾದುಕೊಂಡು ಬಂದ ನಿಯಮವಲ್ಲವೇ? ಆದ್ದರಿಂದ ಮುಟ್ಟುವುದು ಬೇಡ. ಸದ್ದಿಲ್ಲದೆ ಎರಡನೆಯ ಆವೃತ್ತಿ ತಂದುಬಿಡೋಣ, ಸ್ಕ್ರಿಪ್ಟ್ ಇಲ್ಲದ್ದು, ಹೊಸ ದಿನಾಂಕದ್ದು. ಅಲ್ಲಿಂದ ಒಂದು ವರ್ಷ. ಯಾರಿಗೂ ನೋವಿಲ್ಲ, ಯಾರ ಹೆಸರೂ ಕೆಡುವುದಿಲ್ಲ. ಯಾರಾದರೂ ಕೇಳಿದರೆ ಸಂಪಾದಕಿ ಇದ್ದಾಳೆ, ಹೇಗಿದ್ದರೂ ಅವಳು ಬೇರೆ ಕಡೆ ಕೆಲಸಕ್ಕೆ ಹೋಗಿಯಾಯಿತು. ಬಿಟ್ಟುಹೋದವರ ತಲೆಗೆ ಕಟ್ಟುವುದು ಎಲ್ಲ ಕಚೇರಿಗಳಲ್ಲೂ ನಡೆದು ಬಂದ ಪದ್ಧತಿ. ಕುರ್ಚಿ ಬಿಟ್ಟವರ ಬೆನ್ನು ಬಹಳ ಅಗಲ.

‘ಯಾರ ಹೆಸರೂ ಕೆಡುವುದಿಲ್ಲ’ ಎಂಬ ಮಾತು ಮೇಷ್ಟ್ರಿಗೆ ಹಿಡಿಸಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಡೀ ಆಯುಷ್ಯದಲ್ಲಿ ಒಂದು ತಪ್ಪನ್ನೂ ಬಾಗಿಲು ದಾಟಿಸದವರು ಎಂಬ ಹೆಸರನ್ನು ಬಿಟ್ಟರೆ ಅವರ ಬಳಿ ಬೇರೆ ಆಸ್ತಿ ಇರಲಿಲ್ಲ. ಒಂದು ವರ್ಷ ತಾನೇ, ಹೀಗೆ ಹೋಗಿ ಹಾಗೆ ಬರುತ್ತದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಮನೆಗೆ ಬಂದರು. ಅಕ್ಕನಿಗೂ ಅದನ್ನೇ ಹೇಳಿದರು. ಅಷ್ಟರವರೆಗೆ ನಾನಿದ್ದೀನಲ್ಲ, ಎರಡು ನಿಮಿಷದ ಕೆಲಸ.

ಅಕ್ಕ ಜಗಳವಾಡಲಿಲ್ಲ. ಜಗಳವಾಡಿದ್ದರೆ ಮೇಷ್ಟ್ರಿಗೆ ನಿದ್ದೆ ಬರುತ್ತಿತ್ತು. ಬದುಕಿದ್ದೇನೆಂದು ಹೇಳುವ ತಿಂಗಳು ಬಂತು. ಆ ಪುಟದೊಳಗೆ ಹೋಗಬೇಕಾದರೆ ಅವಳ ಫೋನಿಗೆ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ, ಅದನ್ನು ತಮ್ಮನಿಗೆ ಅವಳು ಹೇಳಬೇಕು. ಈ ಸಲ ಫೋನನ್ನು ಸೆರಗಿನಡಿ ಇಟ್ಟುಕೊಂಡು ಕೂತಳು. ಹಗಲೆಲ್ಲ ತಾನೇ ಪ್ರಯತ್ನಿಸಿದಳು. ಪುಟ ಆಚೆಗೆ ಹಾಕಿತು. ಮತ್ತೆ ಒಳಗೆ ಹೋದಳು. ಮೇಷ್ಟ್ರು ಬೇಡಿದರು, ಗದರಿದರು, ಕೊನೆಗೆ ಹೆಂಡತಿಯನ್ನು ಸಂಧಾನಕ್ಕೆ ಕಳಿಸಿದರು. ಹೆಂಡತಿ ಒಳಗೆ ಹೋಗಿ ಅತ್ತಿಗೆಯ ಜೊತೆ ಕೂತು ಕಾಫಿ ಕುಡಿದು ಬಂದಳು.

“ಏನಂದ್ಲು ಅಕ್ಕ?”

“ನಾನೇನೂ ಕೇಳಲಿಲ್ಲ ರೀ. ಕಲಿಯೋಕೆ ಬಂದೋರ ಕೈಯಿಂದ ನಾನು ಸ್ಟಿಯರಿಂಗ್ ಕಿತ್ಕೊಂಡು, ನೋಡಿ ನೀವು ಎಷ್ಟು ಚೆನ್ನಾಗಿ ಓಡಿಸಿದ್ರಿ ಅಂತ ಹೇಳಿದ್ರೆ ಅವರಿಗೆ ಹೇಗಾಗುತ್ತೆ? ಅತ್ತಿಗೆಗೂ ಹಾಗೇ ಆಗಿದೆ. ಹೋಗಿ ನಿಮ್ಮ ಕೆಲಸ ಸರಿಮಾಡ್ಕೊಂಡು ಬನ್ನಿ.”

ತಿಂಗಳು ಕಳೆಯಿತು. ಬರಬೇಕಾದ ದಿನ ಪಿಂಚಣಿ ಬರಲಿಲ್ಲ. ಅಕ್ಕ ಫೋನ್ ಮಾಡಿ, ಮನೆಯವರಿಗೆಲ್ಲ ಕೇಳಲೆಂದೇ ಅದರ ಸ್ಪೀಕರ್ ಹಾಕಿ, ಮಾತಾಡಿದಳು. ಆ ಕಡೆಯ ಹೆಣ್ಣುಮಗಳು ಎಂದಿನಂತೆ ಮರ್ಯಾದಸ್ಥೆ. ದಾಖಲೆಯಲ್ಲಿ ತಾವು ಬದುಕಿರುವುದು ಕಾಣುತ್ತಿಲ್ಲ ಎಂದಳು.

“ನಾನೇ ಅಲ್ವೇನಮ್ಮ ಮಾತಾಡ್ತಿರೋದು?”

“ಮಾತಾಡಿದ್ದು ದಾಖಲೆಗೆ ಬರಲ್ಲ ಮೇಡಂ.”

ಅಕ್ಕ ಫೋನಿಟ್ಟಳು. ಮೇಷ್ಟ್ರು ಅವಳು ನಗುತ್ತಾಳೆಂದುಕೊಂಡರು, ಅಂಥ ಮಾತಿಗೆ ನಗದೆ ಬಿಡುವವಳಲ್ಲ. ಅವಳು ನಗಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಅದನ್ನೇ ನೋಡುತ್ತ ಕೂತಳು. ತಪ್ಪನ್ನು ಬಾಗಿಲು ದಾಟಿಸದವನೆಂಬ ಹೆಸರಿಗಾಗಿ ಅವರು ಅಕ್ಕನನ್ನು ಬದುಕಿದವರ ಪಟ್ಟಿಯಿಂದ ಹೊರಹಾಕಿದ್ದರು.

ಎರಡನೆಯ ಆವೃತ್ತಿಗೆ ಒಪ್ಪಿಗೆ ಕೊಡುವ ಸಭೆ ಆ ವಾರವೇ ಇತ್ತು. ಉದ್ದನೆಯ ಮೇಜು, ಗಾಜಿನ ಹೂಜಿ, ಕಿಟಕಿಯಾಚೆ ವಾಹನ ನಿಲ್ಲಿಸುವ ಬಯಲು. ಬ್ಯಾಂಕಿನವರು, ವಿಮೆಯವರು, ಟಿಕೆಟ್ ಮಾರುವ ಕಂಪನಿಯವರು ಬಂದಿದ್ದರು. ಎಲ್ಲರ ಮುಖದಲ್ಲೂ ಉಂಡು ಮಲಗಿ ಎದ್ದವರ ಕಳೆ. ಅಧ್ಯಕ್ಷರು, ಒಂದು ಚಿಕ್ಕ ತಾಂತ್ರಿಕ ಕಾರಣಕ್ಕಾಗಿ ಹೊಸ ಆವೃತ್ತಿ ಎಂದು ಶುರುಮಾಡಿದರು. ಇಂಥ ಸಭೆಗಳಲ್ಲಿ ಮೂಲೆಯಲ್ಲಿ ಕೂತು ಎದ್ದು ಹೋಗುವ ಮೇಷ್ಟ್ರು ಎದ್ದು ನಿಂತರು.

ಕಾರಣ ಚಿಕ್ಕದೂ ಅಲ್ಲ, ತಾಂತ್ರಿಕವೂ ಅಲ್ಲ, ನನ್ನದು ಎಂದರು. ನಡೆದದ್ದನ್ನೆಲ್ಲ ಹೇಳಿದರು: ಸಂಪಾದಕಿ ಮರೆತದ್ದು ಮನುಷ್ಯಸಹಜ, ಮರೆತದ್ದನ್ನು ಹಿಡಿಯಲೆಂದೇ ಸಂಬಳ ತಿನ್ನುವವನು ತಾನು, ಜನ ಬರೆದು ತಿಳಿಸಿದಾಗಲೂ ಕಿವಿಗೆ ಹಾಕಿಕೊಳ್ಳದವನೂ ತಾನು. ದಿನಾಂಕ ಮೊದಲಿಂದ ಪತ್ರದೊಳಗೇ ಸರಿಯಾಗಿದೆ; ಸ್ಕ್ರಿಪ್ಟ್ ಅದರ ಮೇಲೆ ಕೂತು ಮಾತಾಡುತ್ತಿದೆ, ಅಷ್ಟೆ. ಸ್ಕ್ರಿಪ್ಟು ಮಾತಾಡಿದ್ದು ಮಾನದಂಡವಾಗುವುದಿಲ್ಲವೆಂಬುದು ನಮ್ಮದೇ ನಿಯಮ. ಆದ್ದರಿಂದ ಹೊಸ ಆವೃತ್ತಿ ಬೇಕಿಲ್ಲ. ಸ್ಕ್ರಿಪ್ಟ್ ಕಿತ್ತು, ತಪ್ಪು ಯಾರದೆಂದು ಕೆಳಗೆ ಬರೆದು, ಹಳೆಯ ದಿನಾಂಕವನ್ನೇ ಉಳಿಸಬೇಕು. ಹಾಗಾದರೆ ಗಡುವು ಮುಗಿದಾಯಿತಲ್ಲ ಎಂದು ಯಾರೋ ಗಾಬರಿಯಿಂದ ಕೇಳಿದರು. ಹೌದು, ಮುಗಿದಿದೆ ಎಂದರು ಮೇಷ್ಟ್ರು.

ಆಗ ಎದ್ದಂಥ ಗದ್ದಲವನ್ನು ಆ ಕೋಣೆ ಎಂದೂ ಕಂಡಿರಲಿಲ್ಲ. ನಾವು ಕಣ್ಣಾರೆ ಕಂಡ ದಿನಾಂಕವನ್ನು ನಂಬಿ ಯೋಜನೆ ಹಾಕಿದ್ದೇವೆ ಎಂದು ವಿಮೆಯವರು ಮೇಜು ತಟ್ಟಿದರು. ಎಲ್ಲರೂ ಹೌದು ಹೌದು ಎಂದರು. ಗದ್ದಲ ಇಳಿಯುವವರೆಗೆ ಕಾದು ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು.

“ಸರಿ, ನಿಮ್ಮ ದಿನಾಂಕವನ್ನೇ ಇಟ್ಕೊಳ್ಳೋಣ. ಅದು ಯಾವುದು?”

ವಿಮೆಯವರು ಒಂದು ದಿನಾಂಕ ಹೇಳಿದರು. ಬ್ಯಾಂಕಿನವರು ಅದಲ್ಲವೆಂದು ಇನ್ನೊಂದು ಹೇಳಿದರು. ಟಿಕೆಟ್ ಕಂಪನಿಯ ಹೆಣ್ಣುಮಗಳು ಅಂದು ಬೆಳಗ್ಗೆಯಷ್ಟೇ ತೆರೆದು ನೋಡಿದ್ದಳು, ಅವಳದು ಇವತ್ತಿನದು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದು ಸುಳ್ಳನ್ನು ನಂಬಿ ಒಟ್ಟಾಗಿದ್ದವರಿಗೆ ಆ ಸುಳ್ಳೂ ಒಂದೇ ಆಗಿರಲಿಲ್ಲವೆಂದು ತಿಳಿದಾಗ ಬರುವ ಮೌನವೇ ಬೇರೆ. ಅಧ್ಯಕ್ಷರು ಗಾಳಿ ತಿರುಗಿದ್ದನ್ನು ಕಂಡು, ತಾವು ಮೊದಲಿಂದಲೂ ಪಾರದರ್ಶಕತೆಯ ಪರ ಎಂದರು.

ತಿದ್ದುಪಡಿ ಪ್ರಕಟವಾಯಿತು. ತಪ್ಪು ಬಾಗಿಲು ದಾಟಲು ಬಿಟ್ಟವರು ಯಾರೆಂಬುದು ಅದರಡಿಯಲ್ಲಿ, ಯಾವ ಯಂತ್ರದಲ್ಲಿ ತೆರೆದರೂ, ಯಾವ ಕಾಲಕ್ಕೂ ಅಳಿಸದ ಹಾಗೆ ಅಚ್ಚಾಗಿದೆ. ಮೇಷ್ಟ್ರ ಮೇಜಿನ ಪಕ್ಕ ಈಗ ಇನ್ನೊಂದು ಮೇಜು ಬಂದಿದೆ. ಅವರು ಹೂಂ ಎಂದ ಪತ್ರವನ್ನು ಮಾರನೆಯ ದಿನ, ಸ್ಕ್ರಿಪ್ಟ್ ಓಡಿಸಿಕೊಂಡು, ಮತ್ತೊಬ್ಬರು ನೋಡುತ್ತಾರೆ. ಅಧ್ಯಕ್ಷರು ಇದಕ್ಕೆ ಗುಣಮಟ್ಟದ ಹೊಸ ಹೆಜ್ಜೆ ಎಂದು ಹೆಸರಿಟ್ಟು ಮೇಷ್ಟ್ರಿಗೆ ಹೂಗುಚ್ಛ ಕೊಟ್ಟರು. ಮನುಷ್ಯನನ್ನು ಅರ್ಧ ಮಾಡಿ ಸನ್ಮಾನಿಸುವುದು ದೊಡ್ಡ ಕಚೇರಿಗಳಿಗೇ ಸಿದ್ಧಿಸಿದ ಕಲೆ.

ಪಿಂಚಣಿ ಕಚೇರಿ ಕಾನೂನಿಗೆ ಹೆದರಿ, ಗೊಣಗಿಕೊಂಡು, ತನ್ನ ಪುಟ ತಿದ್ದಿತು. ಅಂದ ಚೆಂದ ಏನಿಲ್ಲ. ಮಧ್ಯೆ ಮಧ್ಯೆ ಒಂದು ಬೂದು ಪೆಟ್ಟಿಗೆ ಎದ್ದು ‘ಇನ್ನೂ ಸಮಯ ಬೇಕೇ?’ ಎಂದು ಕೇಳುತ್ತಿತ್ತು. ಗೊತ್ತಾದ ತಿಂಗಳು ದಾಟಿದ ಮೇಲೆ ತಡವಾಗಿ ಬದುಕುವವರಿಗೆಂದು ಇನ್ನೂ ಉದ್ದದ, ಇನ್ನೂ ಹೆಚ್ಚು ಖಾನೆಗಳ ಬೇರೆಯೇ ಹಾದಿಯಿತ್ತು. ಒಂದು ರಜೆಯ ಬೆಳಗ್ಗೆ ಅಕ್ಕ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಕೂತಳು. ಹೆಂಡತಿ ಕಾರು ಒರೆಸುವ ನೆಪದಲ್ಲಿ ಹೊರಗೆ ಹೋದಳು. ಮೇಷ್ಟ್ರಿಗೆ ಹೋಗಲಾಗಲಿಲ್ಲ. ಅಕ್ಕನ ಹಿಂದೆ ನಿಂತು, ತಮ್ಮ ಎರಡು ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡರು.

ಹೆಸರು. ಹುಟ್ಟಿದ ದಿನ. ಬೆರಳು ಅಕ್ಷರದ ಮೇಲೆ ಇಳಿಯುತ್ತಿತ್ತು, ಪಕ್ಕಕ್ಕೆ ಜಾರುತ್ತಿತ್ತು, ಅಳಿಸಿ ಮತ್ತೆ ಇಳಿಯುತ್ತಿತ್ತು. ಎಡಗೈ ದಣಿದಾಗ ಅಕ್ಕ ಹಟಕ್ಕೆ ಬಿದ್ದವಳಂತೆ ಬಲಗೈಯನ್ನೂ ಕೆಲಸಕ್ಕೆ ಹಚ್ಚಿದಳು. ಪೆಟ್ಟಿಗೆ ಎದ್ದಿತು, ಸಮಯ ಬೇಕೇ ಎಂದು ಕೇಳಿತು. ಬೇಕು. ಮತ್ತೆ ಎದ್ದಿತು. ಬೇಕು. ನೋಡುತ್ತ ನಿಂತವರಿಗೆ ಮೈಯೆಲ್ಲ ತುರಿಕೆ. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಕೊನೆಯ ಪುಟ ಬಂತು. ಅಲ್ಲಿ ಒಂದೇ ಪ್ರಶ್ನೆ: ‘ಈ ಹೇಳಿಕೆಯನ್ನು ತುಂಬುತ್ತಿರುವವರು ಯಾರು?’ ಕೆಳಗೆ ಎರಡು ಗುಂಡಿ. ಸ್ವತಃ. ಪರವಾಗಿ ಬೇರೊಬ್ಬರು.

ಅಕ್ಕನ ಬೆರಳು ನಿಂತಿತು.

“ಈ ಪ್ರಶ್ನೆ ಮುಂಚೆನೂ ಇತ್ತಾ?”

“ಇತ್ತು.”

“ನೀನು ಯಾವುದು ಒತ್ತಿದ್ದೆ?”

ಬೇರೊಬ್ಬರು ಎಂದು ಒತ್ತಿದರೆ, ಯಾಕೆ, ಏನಾಗಿದೆ, ಅವರಿಗೆ ಏನು ಕಷ್ಟ ಎಂದು ಕೇಳುವ ಇನ್ನೆರಡು ಪುಟ ತೆರೆದುಕೊಳ್ಳುತ್ತಿದ್ದವು. ಎರಡು ನಿಮಿಷದಲ್ಲಿ ಮುಗಿಯುತ್ತಿರಲಿಲ್ಲ.

“ಸ್ವತಃ ಅಂತ.”

“ಪ್ರತಿ ವರ್ಷ?”

“ಪ್ರತಿ ವರ್ಷ.”

ಅಕ್ಕ ತಿರುಗಿ ನೋಡಲಿಲ್ಲ. “ಹಾಗಾದ್ರೆ ಅವರ ಲೆಕ್ಕದಲ್ಲಿ ನನಗೆ ಏನೂ ಆಗೇ ಇರಲಿಲ್ಲ,” ಎಂದಳು ಮೆಲ್ಲಗೆ. “ಎರಡು ನಿಮಿಷದಲ್ಲಿ ಮುಗಿಸೋ ಹೆಂಗಸಿಗೆ ಯಾರು ಯಾಕೋ ಸಮಯ ಕೊಡ್ತಾರೆ?”

ಪೆಟ್ಟಿಗೆ ಮತ್ತೆ ಎದ್ದು ಸಮಯ ಬೇಕೇ ಎಂದು ಕೇಳಿತು. ಅಕ್ಕ ಬೇಕು ಎಂದು ಒತ್ತಿ, ಬಲಗೈಯನ್ನು ಎತ್ತಿ, ಮೊದಲ ಗುಂಡಿಯ ಕಡೆಗೆ ನಿಧಾನವಾಗಿ ತೆಗೆದುಕೊಂಡು ಹೋದಳು.